ಮಿನ್ನೆಸೋಟಾದ ಲಾನ್: ಹುಲ್ಲಿನ ವರ್ಷ ಶುರುವಾಗೋದು ಆಗಸ್ಟ್‌ನಲ್ಲಿ

ಈ ವಾರದ ವಿಡಿಯೋದ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದುವವರು, ಇದನ್ನೇ ಓದಿಕೊಂಡರೆ ಸಾಕು. ಮಾತಾಡುವಾಗ ಬಾಯಲ್ಲಿ ಹೇಳೋಕೆ ಕಷ್ಟವಾದ ಒಂದೆರಡು ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ವಿಷಯ ಲಾನ್. ಹೌದು, ಹುಲ್ಲು. ಪುಣೆಯಲ್ಲೋ ಚೆನ್ನೈಯಲ್ಲೋ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿರೋ ನಮಗೆ ಲಾನ್ ಯಾಕಪ್ಪಾ ಅಂತ ನೀವು ಕೇಳಬಹುದು. ಕಾರಣ ಇದೆ. ಟಾರ್ಗೆಟ್‌ನ ಮುಖ್ಯ ಕಚೇರಿ ಮಿನಿಯಾಪೊಲಿಸ್‌ನಲ್ಲಿ, ಅದರ ದೊಡ್ಡ ಕಚೇರಿಯೊಂದು ಬೆಂಗಳೂರಿನಲ್ಲಿ. ಮೆಡ್‌ಟ್ರಾನಿಕ್ ನಡೆಯೋದು ಅದೇ ಮಿನಿಯಾಪೊಲಿಸ್ ಪಕ್ಕದಿಂದ, ಎಂಜಿನಿಯರಿಂಗ್ ಕೇಂದ್ರ ಹೈದರಾಬಾದಿನಲ್ಲಿ. ಹೀಗೆ ಈ ಊರಿನ ಕ್ಲೈಂಟ್ ಜೊತೆ ರಾತ್ರಿ ಕಾಲ್ ಮಾಡಿ ಮಾಡಿ ಕೊನೆಗೊಂದು ದಿನ ಅಲ್ಲಿಗೇ ಹೊರಟುಹೋಗುವ ಕನ್ನಡದವರು ಕಮ್ಮಿಯೇನಿಲ್ಲ. ಮೊದಲ ಎರಡು ವರ್ಷ ಬಾಡಿಗೆ ಅಪಾರ್ಟ್‌ಮೆಂಟ್. ಆಮೇಲೆ ಮಗು, ಸ್ಕೂಲು, ಒಂದು ಮನೆ. ಮನೆ ತಗೊಂಡ ದಿನ ಅದರ ಜೊತೆಗೆ ನಾಲ್ಕೈದು ಸಾವಿರ ಚದರಡಿ ಹುಲ್ಲೂ ನಮ್ಮ ಹೆಸರಿಗೆ ಬರುತ್ತೆ. ನಮ್ಮ 30-40 ಸೈಟು ಅಂದ್ರೆ 1200 ಚದರಡಿ. ಅಂಥ ನಾಲ್ಕು ಸೈಟಿನಷ್ಟು ಹುಲ್ಲು ಅಂತ ಇಟ್ಕೊಳ್ಳಿ.

ನಾನು ಏಳು ಚಳಿಗಾಲ ಆ ಕಡೆ ಕಳೆದು ಈಗ ಪುಣೆಯಲ್ಲಿದ್ದೇನೆ. ಮನೆ ತಗೊಳ್ಳೋ ಹಂತದಲ್ಲಿರುವ ನಮ್ಮವರು ಕೇಳೋ ಪ್ರಶ್ನೆಗಳಲ್ಲಿ ಸಾಲದ ಬಡ್ಡಿ ಬಿಟ್ಟರೆ ಲಾನಿನದೇ ಜಾಸ್ತಿ. ಹೆಚ್ಚಿನವರ ಕಥೆ ಒಂದೇ ಥರ ಇರುತ್ತೆ: ಮೇ ತಿಂಗಳಲ್ಲಿ ಉತ್ಸಾಹದಿಂದ ಬೀಜ, ಗೊಬ್ಬರ, ಔಷಧಿ ಎಲ್ಲ ತಂದು ಸುರಿದಿರ್ತಾರೆ, ಜುಲೈಗೆ ಎಲ್ಲ ಕಂದು ಬಣ್ಣ. ದುಡ್ಡೂ ಹೋಯ್ತು, ಹುಲ್ಲೂ ಹೋಯ್ತು. ಇದು ಶ್ರದ್ಧೆ ಕಮ್ಮಿಯಾಗಿದ್ದಕ್ಕಲ್ಲ. ಮಾಡಿದ ಕೆಲಸವೆಲ್ಲ ಸರಿಯಾದದ್ದೇ, ಮಾಡಿದ ತಿಂಗಳು ಬೇರೆ, ಅಷ್ಟೆ.

ಮೊದಲು ಹವಾಮಾನ ನೋಡೋಣ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳು, ನಮ್ಮ ಹುಬ್ಬಳ್ಳಿ-ಧಾರವಾಡದ ಹಾಗೆ. ಇರೋದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 13, ಪುಣೆ ಹದಿನೆಂಟೂವರೆ. ಜೂನ್‌ನಲ್ಲಿ ಹಗಲು ಹದಿನೈದೂವರೆ ಗಂಟೆ, ಡಿಸೆಂಬರ್‌ನಲ್ಲಿ ಒಂಬತ್ತು ಗಂಟೆಗೂ ಕಮ್ಮಿ. ಜನವರಿಯ ಸರಾಸರಿ ತಾಪಮಾನ ಮೈನಸ್ 9 ಡಿಗ್ರಿ ಸೆಲ್ಸಿಯಸ್ ಹತ್ತಿರ. 2019ರ ಜನವರಿ 30ರಂದು ಮೈನಸ್ 33ಕ್ಕೆ ಇಳಿದಿತ್ತು. ಮನೆಯ ಪಾಯ 42 ಅಂಗುಲ ಆಳಕ್ಕೆ ಇರಬೇಕು ಅಂತ ಅಲ್ಲಿನ ಕಟ್ಟಡ ನಿಯಮವೇ ಇದೆ, ರಾಜ್ಯದ ಉತ್ತರ ಭಾಗದಲ್ಲಿ 60 ಅಂಗುಲ. ಚಳಿಗೆ ಮಣ್ಣು ಅಷ್ಟು ಆಳದ ತನಕ ಹೆಪ್ಪುಗಟ್ಟಬಹುದು ಅನ್ನೋ ಲೆಕ್ಕ. ಇನ್ನು ನೀರು ಹೆಪ್ಪುಗಟ್ಟದ ಕಾಲ ಅಂದ್ರೆ ಹೆಚ್ಚುಕಮ್ಮಿ ಮೇ ಶುರುವಿನಿಂದ ಅಕ್ಟೋಬರ್ ಶುರುವಿನ ತನಕ, ಐದು ತಿಂಗಳು. ಆ ಐದು ತಿಂಗಳ ನಡುವೆ ಜುಲೈನ ಮಧ್ಯಾಹ್ನಗಳು 30 ಡಿಗ್ರಿ ದಾಟೋದೂ ಉಂಟು. ಅಂದರೆ ಅಲ್ಲಿನ ಹುಲ್ಲು ಹೆಪ್ಪುಗಟ್ಟಿದ ಮಣ್ಣನ್ನೂ ತಡೀಬೇಕು, ನಮ್ಮ ಧಾರವಾಡದಂಥ ಬಿಸಿಲನ್ನೂ ತಡೀಬೇಕು.

ಇಲ್ಲಿ ಹೈದರಾಬಾದಿನ ವೀಕ್ಷಕರೊಬ್ಬರ ಪ್ರಶ್ನೆ ತಗೊಳ್ತೀನಿ. "ನಮ್ಮ ಗರಿಕೆ ಎಂಥ ಬರಕ್ಕೂ ಸಾಯಲ್ಲ, ತುಳಿದಷ್ಟೂ ಹಬ್ಬುತ್ತೆ, ಅದನ್ನೇ ಅಲ್ಲಿ ಹಾಕಿದರೆ ಆಗಲ್ವಾ?" ಅಂತ. ಪ್ರಶ್ನೆ ಚೆನ್ನಾಗಿದೆ. ಗಣಪತಿಗೆ ಇಡುವ ಗರಿಕೆಯನ್ನೇ ಅಮೆರಿಕದಲ್ಲಿ ಬರ್ಮುಡಾ ಗ್ರಾಸ್ ಅಂತಾರೆ. ಟೆಕ್ಸಾಸ್, ಜಾರ್ಜಿಯಾ ಕಡೆ ಅದೇ ಲಾನು. ಆದರೆ ಅದು ಬಿಸಿಲಿನ ಜಾತಿ. 27ರಿಂದ 35 ಡಿಗ್ರಿಯಲ್ಲಿ ಅದಕ್ಕೆ ಖುಷಿ. ಚಳಿ ಬಿದ್ದ ಕೂಡಲೇ ಒಣಗಿ ಮಲಗುತ್ತೆ, ಮಿನ್ನೆಸೋಟಾದ ಚಳಿಗಾಲವನ್ನಂತೂ ದಾಟಿ ಬರಲ್ಲ. ಅಲ್ಲಿ ಬೆಳೆಯೋದು ತಂಪಿನ ಜಾತಿಗಳು. ಮುಖ್ಯವಾದದ್ದು ಕೆಂಟಕಿ ಬ್ಲೂಗ್ರಾಸ್. ಹೆಸರಲ್ಲಿ ಕೆಂಟಕಿ ಇದ್ದರೂ ಅದು ಯುರೋಪಿನಿಂದ ಬಂದ ಹುಲ್ಲು. ಅದರ ಜೊತೆ ಸಣ್ಣ ಎಲೆಯ ಫೈನ್ ಫೆಸ್ಕ್ಯೂ, ಬೇಗ ಮೊಳೆಯುವ ಪೆರೆನಿಯಲ್ ರೈಗ್ರಾಸ್. ಅಂಗಡಿಯ ಬೀಜದ ಚೀಲದಲ್ಲಿ ಸಾಮಾನ್ಯವಾಗಿ ಈ ಮೂರರ ಮಿಶ್ರಣ ಇರುತ್ತೆ.

ಈ ತಂಪಿನ ಹುಲ್ಲಿನ ಎಲೆ ಚೆನ್ನಾಗಿ ಬೆಳೆಯೋದು ಗಾಳಿ 15ರಿಂದ 24 ಡಿಗ್ರಿ ಇದ್ದಾಗ. ಬೇರು ಬೆಳೆಯೋದು ಮಣ್ಣು ಅದಕ್ಕಿಂತ ತಣ್ಣಗೆ, 10ರಿಂದ 18 ಡಿಗ್ರಿ ಇದ್ದಾಗ. ಈ ಎರಡು ಅಂಕಿಗಳನ್ನು ಮಿನ್ನೆಸೋಟಾದ ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ಅಂಥ ಹವೆ ವರ್ಷಕ್ಕೆ ಎರಡು ಸಲ ಬರುತ್ತೆ: ಮೇ-ಜೂನ್ ಒಮ್ಮೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಇನ್ನೊಮ್ಮೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ ಹಸಿರು. ಒಳಗೆ ನಡೆಯೋ ವ್ಯಾಪಾರ ಮಾತ್ರ ಪೂರ್ತಿ ಬೇರೆ.

ವಸಂತದಲ್ಲಿ ಹುಲ್ಲು ಖರ್ಚು ಮಾಡುತ್ತೆ. ಹಿಂದಿನ ವರ್ಷ ಬುಡದಲ್ಲಿ ಕೂಡಿಟ್ಟ ಸಕ್ಕರೆಯನ್ನು ತೆಗೆದು ಎಲೆ ಹೊರಡಿಸುತ್ತೆ, ತೆನೆ ಬಿಡೋ ಅವಸರದಲ್ಲಿರುತ್ತೆ. ಶರತ್ಕಾಲದಲ್ಲಿ ಗಳಿಸುತ್ತೆ. ಹಗಲು ಚಿಕ್ಕದಾಗಿ ರಾತ್ರಿ ತಣ್ಣಗಾದಂತೆ ಎಲೆ ಉದ್ದ ಬೆಳೆಯೋದು ನಿಧಾನವಾಗುತ್ತೆ, ಆದರೆ ಬಿಸಿಲಲ್ಲಿ ಅಡುಗೆ ನಡೀತಾನೇ ಇರುತ್ತೆ. ತಯಾರಾದ ಸಕ್ಕರೆ ಎಲ್ಲಿ ಹೋಗಬೇಕು? ಬೇರಿಗೆ, ಮತ್ತು ಬುಡಕ್ಕೆ. ಬುಡ ಅಂದರೆ ಮಣ್ಣಿಗೆ ತಾಗಿದ ಹಾಗೆ ಇರೋ ಸಣ್ಣ ಬೆಳ್ಳನೆಯ ಗಂಟು. ಹುಲ್ಲಿನ ಜೀವ ಇರೋದು ಅಲ್ಲೇ. ಎಲೆ ಸತ್ತರೂ ಬುಡ ಇದ್ದರೆ ಹುಲ್ಲು ಇದೆ, ಬುಡ ಸತ್ತರೆ ಮುಗೀತು. ಚಳಿ ಏರಿದ ಹಾಗೆ ಆ ಬುಡದಲ್ಲಿ ನೀರಿನ ಅಂಶ ಕಮ್ಮಿಯಾಗಿ ಸಕ್ಕರೆಯ ಅಂಶ ಜಾಸ್ತಿಯಾಗುತ್ತೆ. ಗಟ್ಟಿ ಪಾಕ ನೀರಿನಷ್ಟು ಸುಲಭವಾಗಿ ಹೆಪ್ಪುಗಟ್ಟಲ್ಲ, ಅಲ್ವಾ? ಹಾಗೆ ತಯಾರಾದ ಬುಡ ಹಿಮದ ಕೆಳಗೆ ನಾಲ್ಕೈದು ತಿಂಗಳು ಮಲಗಿದರೂ ಬದುಕಿರುತ್ತೆ.

ಆದ್ದರಿಂದಲೇ ನಾನು ಹೇಳೋದು, ಹುಲ್ಲಿನ ಹೊಸ ವರ್ಷ ಶುರುವಾಗೋದು ಆಗಸ್ಟ್ ಮಧ್ಯದಲ್ಲಿ ಅಂತ. ಮುಂದಿನ ಮೇ ತಿಂಗಳ ಹಸಿರು ಹಿಂದಿನ ಸೆಪ್ಟೆಂಬರ್‌ನಲ್ಲೇ ತೀರ್ಮಾನ ಆಗಿರುತ್ತೆ.

ಈಗ ಏಪ್ರಿಲ್‌ಗೆ ಬರೋಣ. ಹಿಮ ಕರಗಿದಾಗ ಕಾಣೋ ಲಾನ್ ನೋಡಿದರೆ ಹೊಸಬರಿಗೆ ಎದೆ ಧಸಕ್ ಅನ್ನುತ್ತೆ. ಅಲ್ಲಲ್ಲಿ ತಟ್ಟೆಯಷ್ಟಗಲ ಬೂದು ಅಥವಾ ನಸುಗೆಂಪು ಬಣ್ಣದ ಚಪ್ಪಟೆ ಹುಲ್ಲು, ಮೇಲೆ ಜೇಡರ ಬಲೆಯಂಥದ್ದು. ಇದು ಸ್ನೋ ಮೋಲ್ಡ್, ಹಿಮದಡಿಯ ಬೂಷ್ಟು. ಇನ್ನೊಂದು ಕಡೆ ಯಾರೋ ಬೆರಳಲ್ಲಿ ಗೆರೆ ಎಳೆದ ಹಾಗೆ ಅಂಕುಡೊಂಕು ದಾರಿಗಳು. ಅದು ವೋಲ್ ಅನ್ನೋ ಮೋಟುಬಾಲದ ಇಲಿಯ ಕೆಲಸ. ಚಳಿಗಾಲ ಪೂರ್ತಿ ಹಿಮದ ಕೆಳಗೆ ಸುರಂಗ ಮಾಡ್ಕೊಂಡು ಹುಲ್ಲು ತಿಂದು ಓಡಾಡಿರುತ್ತೆ. ಎರಡಕ್ಕೂ ಔಷಧಿ ಬೇಡ. ಬೂಷ್ಟು ಸಾಮಾನ್ಯವಾಗಿ ಎಲೆಯನ್ನಷ್ಟೇ ತಿಂದಿರುತ್ತೆ, ಬುಡ ಚೆನ್ನಾಗಿರುತ್ತೆ. ರೇಕ್ ತಗೊಂಡು ಹಗುರವಾಗಿ ಬಾಚಿ ಗಾಳಿ ಆಡೋ ಹಾಗೆ ಮಾಡಿ, ಸಾಕು. ಆದರೆ ಅದಕ್ಕೂ ಮಣ್ಣು ಒಣಗೋ ತನಕ ಕಾಯಬೇಕು. ಮೇಲಿನ ನಾಲ್ಕು ಅಂಗುಲ ಕರಗಿ ಕೆಳಗೆ ಇನ್ನೂ ಹೆಪ್ಪುಗಟ್ಟಿದ್ದರೆ ನೀರು ಇಳಿಯೋಕೆ ದಾರಿ ಇರಲ್ಲ. ಮಣ್ಣು ಕೆಸರುಗದ್ದೆ ಆಗಿರುತ್ತೆ. ಆಗ ಅದರ ಮೇಲೆ ನಡೆದರೆ ಮಣ್ಣು ಗಟ್ಟಿಯಾಗಿ ಬೇರು ಉಸಿರುಗಟ್ಟುತ್ತೆ. ಕಾಲಿಟ್ಟಾಗ ಪಚಕ್ ಅಂದರೆ ಹಿಂದಕ್ಕೆ ಬನ್ನಿ.

ಇದೇ ಹೊತ್ತಿಗೆ ಅಂಗಡಿಗಳ ಮುಂದೆ ಗೊಬ್ಬರದ ಚೀಲಗಳು ಗುಡ್ಡೆ ಬಿದ್ದಿರುತ್ತವೆ. ಆರು ತಿಂಗಳು ಬಿಳಿ ಬಣ್ಣ ನೋಡಿ ಬೇಜಾರಾದ ಜನ, ಕೈ ಸುಮ್ಮನಿರಲ್ಲ. ಅಂಗಡಿಯವರಿಗೂ ಅದು ಗೊತ್ತು. ಏಪ್ರಿಲ್‌ನಲ್ಲಿ ಸಾರಜನಕ ಸುರಿದರೆ ಏನಾಗುತ್ತೆ? ಎಲೆ ದಬದಬ ಬೆಳೆಯುತ್ತೆ. ಬುಡದಲ್ಲಿದ್ದ ಉಳಿತಾಯ ಎಲೆಗೆ ಖರ್ಚಾಗುತ್ತೆ, ಬೇರು ಗಿಡ್ಡ ಉಳಿಯುತ್ತೆ. ವಾರಕ್ಕೆ ಎರಡು ಸಲ ಮೋವರ್ ತಳ್ಳೋ ಭಾಗ್ಯ ನಿಮ್ಮದು. ಜುಲೈ ಬಿಸಿಲು ಬಂದಾಗ ಗಿಡ್ಡ ಬೇರಿನ ಹುಲ್ಲೇ ಮೊದಲು ಒಣಗೋದು. ವಸಂತದಲ್ಲಿ ಹಾಕಲೇಬೇಕು ಅನ್ನಿಸಿದರೆ ಮೇ ಕೊನೆಯ ತನಕ ಕಾಯಿರಿ, ಸ್ವಲ್ಪವೇ ಹಾಕಿ. ಸೆಪ್ಟೆಂಬರ್‌ನಲ್ಲಿ ಸರಿಯಾಗಿ ಹಾಕಿದ್ದರೆ ಅದೂ ಬೇಡ.

ವಸಂತದ ಇನ್ನೊಂದು ತೊಡಕು ಕ್ರ್ಯಾಬ್‌ಗ್ರಾಸ್ ಅನ್ನೋ ಕಳೆ. ಇದು ವರ್ಷಕ್ಕೊಮ್ಮೆ ಹುಟ್ಟಿ ಮೊದಲ ಹಿಮಕ್ಕೆ ಸಾಯೋ ಜಾತಿ, ಮತ್ತು ಇದು ಗರಿಕೆಯ ಹಾಗೆ ಬಿಸಿಲಿನ ಹುಲ್ಲು. ಮಣ್ಣು ಸುಮಾರು 13 ಡಿಗ್ರಿಗೆ ಬಂದು ಕೆಲವು ದಿನ ನಿಂತರೆ ಮೊಳೆಯುತ್ತೆ. ಅದನ್ನು ಮೊಳಕೆಯಲ್ಲೇ ತಡೆಯುವ ಪ್ರೀ-ಎಮರ್ಜೆಂಟ್ ಔಷಧಿಯನ್ನು ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಹಾಕ್ತಾರೆ. ಹಾಕಿ, ತೊಂದರೆ ಇಲ್ಲ. ಆದರೆ ಆ ಔಷಧಿಗೆ ಕಳೆ ಯಾವುದು, ನೀವು ದುಡ್ಡು ಕೊಟ್ಟು ತಂದ ಬೀಜ ಯಾವುದು ಅಂತ ಗೊತ್ತಾಗಲ್ಲ. ಎರಡನ್ನೂ ಮೊಳೆಯೋಕೆ ಬಿಡಲ್ಲ. ಮೇ ತಿಂಗಳಲ್ಲಿ ಒಂದೇ ವಾರಾಂತ್ಯ ಬೀಜವನ್ನೂ ಎರಚಿ ಔಷಧಿಯನ್ನೂ ಹಾಕಿದವರ ಬೀಜ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತಲ್ಲ. ಇನ್ನು ಔಷಧಿ ಹಾಕದೆ ಬೀಜ ಮಾತ್ರ ಹಾಕಿದರೆ? ಕೆಂಟಕಿ ಬ್ಲೂಗ್ರಾಸ್ ಮೊಳೆಯೋಕೇ ಎರಡರಿಂದ ನಾಲ್ಕು ವಾರ ಬೇಕು. ಅಷ್ಟರಲ್ಲಿ ಕ್ರ್ಯಾಬ್‌ಗ್ರಾಸ್ ಜಾಗ ಹಿಡಿದಿರುತ್ತೆ, ಹಿಂದೆಯೇ ಬಿಸಿಲು. ಎಳೆ ಮೊಳಕೆ ಎರಡೂ ಕಡೆಯಿಂದ ಸಿಕ್ಕಿಹಾಕಿಕೊಳ್ಳುತ್ತೆ.

ಬೇಸಿಗೆಯಲ್ಲಿ ಎರಡೇ ವಿಷಯ: ಕತ್ತರಿಸೋದು, ನೀರು. ಕತ್ತರಿಸೋದನ್ನು ಬಿಟ್ಟುಬಿಡೋಕೆ ಆಗಲ್ಲ. ಮಿನಿಯಾಪೊಲಿಸ್ ನಗರದ ನಿಯಮದ ಪ್ರಕಾರ ಲಾನ್ ಹುಲ್ಲು 8 ಅಂಗುಲ ದಾಟಬಾರದು. ದಾಟಿದರೆ ನಗರಾಡಳಿತದಿಂದ ಪತ್ರ ಬರುತ್ತೆ, ಆಮೇಲೂ ಸುಮ್ಮನಿದ್ದರೆ ಅವರೇ ಕತ್ತರಿಸಿ ಬಿಲ್ಲು ಕಳಿಸ್ತಾರೆ. ರಜೆಗೆ ಅಂತ ಜೂನ್‌ನಲ್ಲಿ ಮೂರು ವಾರ ಊರಿಗೆ ಬರುವವರು ಇದನ್ನು ನೆನಪಿಟ್ಟುಕೊಳ್ಳಿ. ಪಕ್ಕದ ಮನೆಯ ಹೈಸ್ಕೂಲ್ ಹುಡುಗನಿಗೆ ಹೇಳಿ ಬನ್ನಿ. ಹಾಗಂತ ಬೋಳು ತಲೆ ಮಾಡೋದೂ ಬೇಡ. ಮೋವರ್‌ನ ಎತ್ತರ 3 ಅಂಗುಲಕ್ಕೆ ಇಡಿ, ಮೂರೂವರೆ ಇದ್ದರೆ ಇನ್ನೂ ಒಳ್ಳೇದು. ಎಲೆ ಎಷ್ಟು ಎತ್ತರವೋ ಬೇರೂ ಅದಕ್ಕೆ ತಕ್ಕ ಆಳ, ನೆರಳಿಗೆ ಕ್ರ್ಯಾಬ್‌ಗ್ರಾಸ್ ಮೊಳಕೆಯೂ ಕಮ್ಮಿ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಕತ್ತರಿಸಿದ ಚೂರುಗಳನ್ನು ಚೀಲದಲ್ಲಿ ತುಂಬಿ ಹೊರಗೆ ಹಾಕೋದು ದಂಡ. ಅಲ್ಲೇ ಬಿಟ್ಟರೆ ವರ್ಷದಲ್ಲಿ ಒಂದು ಸಲದ ಗೊಬ್ಬರದಷ್ಟು ಸಾರಜನಕ ಮಣ್ಣಿಗೆ ವಾಪಸ್ ಬರುತ್ತೆ.

ನೀರಿನ ಲೆಕ್ಕ ಮಾತ್ರ ಸ್ವಲ್ಪ ನಿಂತು ನೋಡಬೇಕು. ಹಸಿರಾಗಿ ಇಡಬೇಕಾದರೆ ವಾರಕ್ಕೆ ಒಂದು ಅಂಗುಲ ನೀರು ಬೇಕು, ಮಳೆ ಸೇರಿ. ಒಂದು ಅಂಗುಲ ಅಂದರೆ ಏನೂ ಅನ್ನಿಸಲ್ಲ. 5000 ಚದರಡಿಗೆ ಅದನ್ನು ಹರಡಿ ನೋಡಿ: ಸುಮಾರು 11,800 ಲೀಟರ್. ನಮ್ಮ ಸೊಸೈಟಿಗೆ ಬೇಸಿಗೆಯಲ್ಲಿ ಬರೋ 12 ಸಾವಿರ ಲೀಟರಿನ ದೊಡ್ಡ ಟ್ಯಾಂಕರ್ ಇದೆಯಲ್ಲ, ವಾರಕ್ಕೆ ಅಂಥದ್ದೊಂದು. ಬರೀ ಹುಲ್ಲಿಗೆ. ಟ್ಯಾಂಕರಿಗೆ ಕಾದು ಕೂತ ಅಭ್ಯಾಸ ಇರೋ ನಮ್ಮಂಥವರಿಗೆ ಇದು ಹೊಟ್ಟೆಯಲ್ಲಿ ಸಂಕಟ ಆಗೋ ಲೆಕ್ಕವೇ. 2021, 2022, 2023 ಮೂರೂ ಬೇಸಿಗೆ ಮಿನ್ನೆಸೋಟಾದಲ್ಲಿ ಬರ ಇತ್ತು. ಅಂಥ ವರ್ಷಗಳಲ್ಲಿ ಉಪನಗರಗಳು ಸಮಸಂಖ್ಯೆಯ ಮನೆಗೆ ಒಂದು ದಿನ, ಬೆಸಸಂಖ್ಯೆಗೆ ಒಂದು ದಿನ ಅಂತ ನೀರು ಹಾಕೋಕೆ ಕಟ್ಟುನಿಟ್ಟು ಮಾಡುತ್ತವೆ.

ಒಳ್ಳೆ ಸುದ್ದಿ ಏನಂದ್ರೆ ಅಷ್ಟು ನೀರು ಕೊಡಲೇಬೇಕು ಅಂತೇನಿಲ್ಲ. ಜುಲೈ ಬಿಸಿಲಿಗೆ ಕೆಂಟಕಿ ಬ್ಲೂಗ್ರಾಸ್ ತಾನೇ ಎಲೆ ಒಣಗಿಸಿಕೊಂಡು ನಿದ್ದೆಗೆ ಹೋಗುತ್ತೆ. ಕಂದು ಬಣ್ಣ ಅಂದರೆ ಸತ್ತಿದೆ ಅಂತ ಅರ್ಥ ಅಲ್ಲ. ಬುಡ ಜೀವಂತ ಇದೆಯಾ ಅಂತ ನೋಡೋಕೆ ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ಗಟ್ಟಿಯಾಗಿ ನಿಂತು, ಬುಡದಲ್ಲಿ ಬಿಳಿ ಕಂಡರೆ ಬದುಕಿದೆ. ಸಲೀಸಾಗಿ ಕಿತ್ತು ಬಂದರೆ ಹೋಗಿದೆ. ನಿದ್ದೆಯಲ್ಲಿರೋ ಹುಲ್ಲಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಅರ್ಧ ಅಂಗುಲ ನೀರು ಕೊಟ್ಟರೆ ಬುಡ ಉಳಿಯುತ್ತೆ. ಮಾಡಬಾರದ್ದು ಅಂದರೆ ಒಂದು ವಾರ ನೀರು ಹಾಕಿ ಹಸಿರು ಮಾಡೋದು, ಬಿಲ್ಲು ನೋಡಿ ಮುಂದಿನ ವಾರ ನಿಲ್ಲಿಸೋದು. ಎಬ್ಬಿಸಿ ಮಲಗಿಸಿ, ಎಬ್ಬಿಸಿ ಮಲಗಿಸಿ ಮಾಡಿದರೆ ಪ್ರತಿ ಸಲವೂ ಉಳಿತಾಯದಿಂದಲೇ ಖರ್ಚು. ಹಸಿರಾಗಿಡೋದಾದರೆ ಕೊನೆ ತನಕ ಇಡಿ, ಮಲಗಿಸೋದಾದರೆ ಆಗಸ್ಟ್ ತನಕ ಮಲಗಲಿ ಬಿಡಿ.

ಇಲ್ಲೊಂದು ಮನೆಯ ರಾಜಕೀಯವೂ ಇದೆ. ಅಪ್ಪ-ಅಮ್ಮ ಆರು ತಿಂಗಳಿಗೆ ಅಂತ ಬರೋ ಸೀಸನ್ನೂ ಹುಲ್ಲಿನ ಸೀಸನ್ನೂ ಒಂದೇ. ಜುಲೈನಲ್ಲಿ ಕಂದು ಲಾನ್ ನೋಡಿದ ಅಪ್ಪನ ಕೈಗೆ ಪೈಪ್ ಬಂದರೆ ಮುಗೀತು, ಸಂಜೆ ಅರ್ಧ ಗಂಟೆ ಚಿಮುಕಿಸೋದು ದಿನಚರಿ ಆಗಿಬಿಡುತ್ತೆ. ಪಾಪ, ಅವರಿಗೂ ಹೊತ್ತು ಹೋಗಬೇಕು. ಆದರೆ ದಿನಾ ಸಂಜೆ ಮೇಲೆ ಮೇಲೆ ಚಿಮುಕಿಸಿದ ನೀರಿಗೆ ಬೇರು ಆಳಕ್ಕೆ ಇಳಿಯಲ್ಲ, ರಾತ್ರಿಯೆಲ್ಲ ಒದ್ದೆಯಿರೋ ಎಲೆಗೆ ರೋಗ ಬರುತ್ತೆ. ಬೆಳಗ್ಗೆ ಆರಕ್ಕೆ ಏಳೋ ಅಭ್ಯಾಸ ಹೇಗೂ ಅವರಿಗಿದೆ. ವಾರಕ್ಕೆ ಎರಡು ದಿನ, ಆ ಹೊತ್ತಿನಲ್ಲಿ ಸ್ಪ್ರಿಂಕ್ಲರ್ ಹಾಕಿ, ಖಾಲಿ ಡಬ್ಬಿಯೊಂದನ್ನು ಲಾನ್ ಮೇಲಿಟ್ಟು ಅರ್ಧ ಅಂಗುಲ ತುಂಬಿದಾಗ ನಿಲ್ಲಿಸೋ ಜವಾಬ್ದಾರಿ ಕೊಡಿ. ಅಪ್ಪನಿಗೂ ಒಪ್ಪಿಗೆ, ಹುಲ್ಲಿಗೂ ಒಪ್ಪಿಗೆ.

ಈಗ ನಿಜವಾದ ಕೆಲಸ. ತಾರೀಕು ನೆನಪಿಡೋಕೆ ನಮ್ಮವರಿಗೆ ಸುಲಭದ ಗುರುತು ಇದೆ: ಸ್ವಾತಂತ್ರ್ಯ ದಿನದಿಂದ ಗಣೇಶನ ಹಬ್ಬದ ಆಸುಪಾಸಿನ ತನಕ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ. ಗಣೇಶ ಕೆಲವು ವರ್ಷ ಆಗಸ್ಟ್ ಕೊನೆಗೇ ಬರ್ತಾನೆ, ಆಗ ಇನ್ನೊಂದೆರಡು ವಾರ ಹೆಚ್ಚಿಗೆ ಸಿಕ್ಕಿತು ಅಂದ್ಕೊಳ್ಳಿ. ಬೀಜ ಹಾಕೋದು ಆಗ. ಮಣ್ಣು ಇನ್ನೂ ಬೆಚ್ಚಗಿರೋದರಿಂದ ಬೇಗ ಮೊಳೆಯುತ್ತೆ, ಗಾಳಿ ತಂಪಾಗ್ತಾ ಹೋಗೋದರಿಂದ ಮೊಳಕೆ ಸುಡಲ್ಲ, ಕ್ರ್ಯಾಬ್‌ಗ್ರಾಸ್ ಹಿಮಕ್ಕೆ ಸಾಯೋ ದಾರಿಯಲ್ಲಿರುತ್ತೆ. ಮೇ ತಿಂಗಳ ಮೂರು ಕಷ್ಟಗಳೂ ಇಲ್ಲಿ ಇಲ್ಲ. ಮಣ್ಣು ಗಟ್ಟಿಯಾಗಿದ್ದರೆ ಮೊದಲು ಏರೇಟರ್ ಯಂತ್ರ ಬಾಡಿಗೆಗೆ ತಂದು ಮಣ್ಣಿನ ಸಣ್ಣ ಉರುಳೆಗಳನ್ನು ಕೀಳಿಸಿ. ಇಬ್ಬರು ಮೂವರು ಕನ್ನಡದವರು ಸೇರಿ ಒಂದು ಶನಿವಾರಕ್ಕೆ ತಂದರೆ ಬಾಡಿಗೆ ಹಂಚಿಹೋಗುತ್ತೆ. ಬೀಜ ಮಣ್ಣಿಗೆ ತಾಗಬೇಕು, ಒಣ ಹುಲ್ಲಿನ ಮೇಲೆ ಕೂತರೆ ಹಕ್ಕಿಗೆ ಊಟ. ಮೊದಲ ಎರಡು ಮೂರು ವಾರ ಮೇಲ್ಮಣ್ಣು ಒಣಗದ ಹಾಗೆ ದಿನಾ ಹಗುರವಾಗಿ ನೀರು. ಅಪ್ಪನ ಚಿಮುಕಿಸೋ ಪೈಪಿಗೆ ಸರಿಯಾದ ಕಾಲ ಇದೇ!

ಗೊಬ್ಬರವೂ ಇದೇ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ. ಚೀಲದ ಮೇಲೆ ಮೂರು ಅಂಕಿ ಇರುತ್ತೆ. ಮನೆಯಲ್ಲಿ ವ್ಯವಸಾಯ ಇರೋರಿಗೆ ಇದು ಹೊಸದಲ್ಲ. ನಮ್ಮೂರ ಸೊಸೈಟಿಯಲ್ಲಿ 17-17-17, 10-26-26 ಅಂತ ಕೇಳಿ ತರ್ತೀವಲ್ಲ, ಡಿಎಪಿ ಅಂದರೆ 18-46-0, ಅದೇ ಲೆಕ್ಕ. ಸಾರಜನಕ, ರಂಜಕ, ಪೊಟ್ಯಾಷ್. 1000 ಚದರಡಿಗೆ ಒಂದು ಪೌಂಡ್ ಸಾರಜನಕ ಒಂದು ಸಲಕ್ಕೆ ಸಾಕು. ಚೀಲದಲ್ಲಿ ಮೊದಲ ಅಂಕಿ 25 ಇದ್ದರೆ ಅದರಲ್ಲಿ ನಾಲ್ಕನೇ ಒಂದು ಭಾಗ ಸಾರಜನಕ, ಅಂದ್ರೆ 1000 ಚದರಡಿಗೆ 4 ಪೌಂಡ್ ಗೊಬ್ಬರ, 1.8 ಕಿಲೋ. 5000 ಚದರಡಿಗೆ 9 ಕಿಲೋ. ಅಕ್ಟೋಬರ್ ಮಧ್ಯದ ಮೇಲೆ ಹಾಕಬೇಡಿ. ವಿಂಟರೈಸರ್ ಅಂತ ಹೆಸರಿಟ್ಟು ಮಾರೋ ಚೀಲಗಳು ಆಗ ಬರುತ್ತವೆ, ಆದರೆ ತಣ್ಣಗಾದ ಹುಲ್ಲು ಸಾರಜನಕವನ್ನು ಎಳೆದುಕೊಳ್ಳೋದೇ ಕಮ್ಮಿ. ಉಳಿದದ್ದು ನೀರಿನ ಜೊತೆ ಹೋಗುತ್ತೆ.

ಆ ಚೀಲದಲ್ಲಿ ನಡುವಿನ ಅಂಕಿ ಸೊನ್ನೆ ಇರೋದನ್ನು ಗಮನಿಸಿ. ಅದು ಕಾನೂನು. ಲಾನಿಗೆ ರಂಜಕ ಹಾಕೋದನ್ನು ಮಿನ್ನೆಸೋಟಾ 2004ರಿಂದ ಅವಳಿ ನಗರಗಳ ಪ್ರದೇಶದಲ್ಲಿ, 2005ರಿಂದ ಇಡೀ ರಾಜ್ಯದಲ್ಲಿ ನಿಲ್ಲಿಸಿತು. ಹೊಸ ಲಾನಿಗೆ ಮೊದಲ ವರ್ಷ ಹಾಕಬಹುದು, ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಹಾಕಬಹುದು. ಬೇರೆಯವರು ಹಾಕುವಂತಿಲ್ಲ. ಯಾವ ಗೊಬ್ಬರವೇ ಆಗಲಿ, ಡ್ರೈವ್‌ವೇ ಮೇಲೆ, ರಸ್ತೆ ಮೇಲೆ ಬಿದ್ದರೆ ಗುಡಿಸಿ ತೆಗೀಬೇಕು. ಕಾರಣ ಕೆರೆಗಳು. ಊರ ನಡುವೆಯೇ ಬ್ಡೆ ಮಕಾ ಸ್ಕಾ, ಹ್ಯಾರಿಯೆಟ್‌ನಂಥ ಕೆರೆಗಳಿವೆ, ಬೇಸಿಗೆಯಲ್ಲಿ ಮಕ್ಕಳು ಈಜೋದು ಅಲ್ಲೇ. ರಸ್ತೆ ಬದಿಯ ಮಳೆನೀರಿನ ಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗಲ್ಲ, ಸೀದಾ ಕೆರೆಗೋ ನದಿಗೋ ಹೋಗುತ್ತೆ. ರಂಜಕ ಸಿಕ್ಕಿದ ಪಾಚಿ ಹೇಗೆ ಕೊಬ್ಬುತ್ತೆ, ಕೆರೆ ಹೇಗೆ ನಾರುತ್ತೆ ಅಂತ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕಡೆ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೊಳಚೆ ನೀರು, ಇಲ್ಲಿ ಲಾನು, ಆದರೆ ಕೆರೆಗೆ ಸೇರೋ ರಂಜಕ ಒಂದೇ.

ಉದುರಿದ ಎಲೆಯಲ್ಲೂ ರಂಜಕ ಇರುತ್ತೆ, ಅದಕ್ಕೆ ಅಕ್ಟೋಬರ್‌ನಲ್ಲಿ ಎಲೆಗಳನ್ನು ರಸ್ತೆಗೆ ತಳ್ಳಬೇಡಿ. ತೆಳ್ಳಗೆ ಬಿದ್ದಿದ್ದರೆ ಮೋವರ್ ಓಡಿಸಿ ಪುಡಿ ಮಾಡಿ ಅಲ್ಲೇ ಬಿಡಿ. ಹುಲ್ಲೇ ಕಾಣದಷ್ಟು ದಪ್ಪ ಇದ್ದರೆ ಬಾಚಿ ತೆಗೆಯಿರಿ, ಇಲ್ಲದಿದ್ದರೆ ಅದರ ಕೆಳಗೆ ಸ್ನೋ ಮೋಲ್ಡ್ ಹಬ್ಬ ಮಾಡುತ್ತೆ. ಮುಂದಿನ ವಾರ ನೋಡೋಣ ಅನ್ನೋಕೆ ಆಗಲ್ಲ. 1991ರಲ್ಲಿ ಅಕ್ಟೋಬರ್ 31ಕ್ಕೆ ಶುರುವಾದ ಹಿಮಪಾತ ನಿಲ್ಲೋ ಹೊತ್ತಿಗೆ ಅವಳಿ ನಗರಗಳಲ್ಲಿ 28.4 ಅಂಗುಲ ಹಿಮ ಬಿದ್ದಿತ್ತು. ಹಳಬರು ಇವತ್ತಿಗೂ ಆ ಹ್ಯಾಲೋವೀನ್ ಕಥೆ ಹೇಳ್ತಾರೆ. ನೆಲದೊಳಗಿನ ಸ್ಪ್ರಿಂಕ್ಲರ್ ಇದ್ದರೆ ಅಕ್ಟೋಬರ್‌ನಲ್ಲೇ ಕಂಪ್ರೆಸರ್ ಇರೋರನ್ನು ಕರೆಸಿ ಪೈಪಿನಲ್ಲಿರೋ ನೀರನ್ನೆಲ್ಲ ಗಾಳಿ ಒತ್ತಿ ಹೊರಗೆ ಹಾಕಿಸಿ. ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪೈಪ್ ಒಡೆಯುತ್ತೆ. ಅದು ಗೊತ್ತಾಗೋದು ಮುಂದಿನ ಮೇ ತಿಂಗಳಲ್ಲಿ, ಲಾನಿನ ನಡುವೆ ಬುಗ್ಗೆ ಎದ್ದಾಗ.

ಗಣೇಶನ ಹಬ್ಬದ ಹೊತ್ತಿಗೆ ಆಫೀಸಿನ ರಿಲೀಸ್ ಇತ್ತು, ಬೀಜ ಹಾಕೋಕೆ ಆಗಲೇ ಇಲ್ಲ ಅನ್ನೋರಿಗೂ ಒಂದು ದಾರಿ ಇದೆ. ಅಕ್ಟೋಬರ್‌ನಲ್ಲಿ ಮಾತ್ರ ಹಾಕಬೇಡಿ, ಅರ್ಧ ಮೊಳೆತು ಸಾಯುತ್ತೆ. ನವೆಂಬರ್ ತನಕ ಕಾದು, ಮಣ್ಣು ಮೊಳೆಸದಷ್ಟು ತಣ್ಣಗಾದ ಮೇಲೆ, ಹಿಮ ಬೀಳೋಕೆ ಮುಂಚೆ ಹಾಕಿ. ಬೀಜ ಚಳಿಗಾಲ ಪೂರ್ತಿ ಹಾಗೇ ಮಲಗಿದ್ದು, ವಸಂತದಲ್ಲಿ ಮಣ್ಣು ಬೆಚ್ಚಗಾದ ಕೂಡಲೇ ಏಳುತ್ತೆ. ಮುಂಗಾರಿಗೆ ಮುಂಚೆ ಒಣ ನೆಲದಲ್ಲೇ ಬಿತ್ತಿ ಮಳೆಗೆ ಕಾಯೋ ನಮ್ಮ ರೈತರ ಲೆಕ್ಕವೇ ಇದು. ಸೆಪ್ಟೆಂಬರ್‌ನಷ್ಟು ಖಾತ್ರಿ ಇಲ್ಲ, ಮೇ ತಿಂಗಳಿಗಿಂತ ವಾಸಿ. ಹಾಗೆ ಹಾಕಿದ ಜಾಗಕ್ಕೆ ಆ ವಸಂತದಲ್ಲಿ ಪ್ರೀ-ಎಮರ್ಜೆಂಟ್ ಹಾಕುವಂತಿಲ್ಲ ಅನ್ನೋದು ನೆನಪಿರಲಿ.

ಚಳಿಗಾಲದಲ್ಲಿ ಹುಲ್ಲಿಗೆ ಹಿಮವೇ ಕಂಬಳಿ. ಹಿಮ ಬಿದ್ದ ಕಡೆ ಹುಲ್ಲು ಬೆಚ್ಚಗಿರುತ್ತೆ, ಗಾಳಿಗೆ ಹಿಮ ಹಾರಿ ಬೋಳಾದ ದಿಬ್ಬಗಳೇ ಹೆಚ್ಚು ಸಾಯೋದು. ನಮ್ಮಿಂದ ಆಗೋ ಹಾನಿ ಅಂದರೆ ಉಪ್ಪು. ಡ್ರೈವ್‌ವೇ ಜಾರದಿರಲಿ ಅಂತ ಹಿಡಿಗಟ್ಟಲೆ ಎರಚಿದ್ದು ಅಂಚಿನ ಹುಲ್ಲನ್ನು ಸುಡುತ್ತೆ. ಮೈನಸ್ 9ಕ್ಕಿಂತ ಕೆಳಗೆ ಮಾಮೂಲಿ ಕಲ್ಲುಪ್ಪು ಹೆಚ್ಚು ಕೆಲಸವನ್ನೂ ಮಾಡಲ್ಲ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್, ಅಂದರೆ 19 ಲೀಟರ್ ನೀರನ್ನು ಶಾಶ್ವತವಾಗಿ ಕೆಡಿಸುತ್ತೆ ಅಂತ ಅಲ್ಲಿನ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತೆ. ಮೊದಲು ಸಲಿಕೆ, ಆಮೇಲೆ ಉಪ್ಪು, ಅತೀ ಚಳಿಯಿದ್ದರೆ ಮರಳು.

ಕೊನೆಯಲ್ಲಿ ದೆಹಲಿಯಿಂದ ಬಂದ ಪ್ರಶ್ನೆ: "ಇಷ್ಟೆಲ್ಲ ಯಾರು ಮಾಡ್ತಾರೆ, ಲಾನ್ ಸರ್ವಿಸ್‌ಗೆ ಕೊಟ್ಟುಬಿಡಬಹುದಲ್ಲ?" ಕೊಡಬಹುದು. ಆದರೆ ಮಾರ್ಚ್‌ನಲ್ಲಿ ಬಾಗಿಲು ತಟ್ಟಿ ವರ್ಷದ ಪ್ಯಾಕೇಜ್ ಮಾರೋರ ಹತ್ತಿರ ಕೇಳಬೇಕಾದ್ದು ಒಂದೇ: ವರ್ಷದ ಸಾರಜನಕದಲ್ಲಿ ಎಷ್ಟು ಭಾಗ ಸೆಪ್ಟೆಂಬರ್‌ನಲ್ಲಿ ಹಾಕ್ತೀರಿ? ಉತ್ತರ ಏಪ್ರಿಲ್, ಜೂನ್, ಜುಲೈ ಅಂತ ಹೋದರೆ ಆ ವೇಳಾಪಟ್ಟಿ ಹುಲ್ಲನ್ನು ನೋಡಿ ಮಾಡಿದ್ದಲ್ಲ. ಇನ್ನೊಂದು ದಾರಿ, ಹುಲ್ಲನ್ನೇ ಬದಲಾಯಿಸೋದು. ಫೈನ್ ಫೆಸ್ಕ್ಯೂ ಜೊತೆ ಬಿಳಿ ಕ್ಲೋವರ್, ಸೆಲ್ಫ್-ಹೀಲ್, ನೆಲಕ್ಕೆ ಹಬ್ಬುವ ಥೈಮ್ ಸೇರಿಸಿದ ಬೀ ಲಾನ್ ಅಂತ ಒಂದಿದೆ. ನೀರು ಕಮ್ಮಿ, ಕತ್ತರಿಸೋದು ಕಮ್ಮಿ. ಕ್ಲೋವರ್ ನಮ್ಮ ತೊಗರಿ, ಹೆಸರಿನ ಹಾಗೆ ತಾನೇ ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುತ್ತೆ. ಅಳಿವಿನಂಚಿನಲ್ಲಿರುವ ರಸ್ಟಿ ಪ್ಯಾಚ್ಡ್ ಬಂಬಲ್‌ಬೀ ಅನ್ನೋ ಜೇನನ್ನು ಮಿನ್ನೆಸೋಟಾ 2019ರಲ್ಲಿ ತನ್ನ ರಾಜ್ಯದ ಜೇನು ಅಂತ ಘೋಷಿಸಿತು. ಅದೇ ವರ್ಷ ಶುರುವಾದ ಲಾನ್ಸ್ ಟು ಲೆಗ್ಯೂಮ್ಸ್ ಯೋಜನೆಯಲ್ಲಿ ಇಂಥ ಲಾನ್ ಮಾಡೋ ಮನೆಯವರಿಗೆ ರಾಜ್ಯ ಸರಕಾರ ಖರ್ಚಿನ ಒಂದು ಭಾಗ ವಾಪಸ್ ಕೊಡುತ್ತೆ. ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ, ಹಾಕಿ ನೋಡೋಕೆ ಖರ್ಚಿಲ್ಲ. ಮಕ್ಕಳು ಆಡೋ ಜಾಗದಷ್ಟು ಬ್ಲೂಗ್ರಾಸ್ ಇಟ್ಟುಕೊಂಡು ಮಿಕ್ಕಿದ್ದನ್ನು ಹೀಗೆ ಮಾಡೋದು ನನಗೆ ಸರಿ ಅನ್ನಿಸುತ್ತೆ. ಅದರ ಬೀಜ ಹಾಕೋದಕ್ಕೂ ಆಗಸ್ಟ್ 15ರ ಮೇಲೆ ಒಳ್ಳೆ ಕಾಲ ಇದೆ. ಹಬ್ಬದ ಗರಿಕೆ ಬೇಕು ಅಂದರೆ ಮಾತ್ರ ಒಂದು ಕುಂಡದಲ್ಲಿ ಹಾಕಿ, ಅಕ್ಟೋಬರ್ ಬಂದ ಕೂಡಲೇ ಮನೆಯೊಳಗೆ ಬಿಸಿಲು ಬೀಳೋ ಕಿಟಕಿಗೆ ತಂದಿಡಿ.